ಇಳಿಯುವಾಗ ಕೇಳುವ ಪ್ರಶ್ನೆ

ಫೆಬ್ರುವರಿ ೬

ನರ್ಸಮ್ಮನಿಗೆ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾರೆ. ಇವರಿಗೆ ಬೇರೆ ಕೆಲಸವಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಒಡೆದುಕೊಂಡು ಮನೆಗೆ ಬಂದವಳು. ಆಮೇಲೆ ಬರೆದದ್ದು ಎಂದರೆ ಸಂಬಳದ ದಿನ ಸಹಿ, ಅಷ್ಟೇ. ಈಗ ಪೂರಾ ಕಾಗದ ಬರೆಯಬೇಕಂತೆ. ಬೆರಳು ನೋಯುತ್ತಿದೆ, ಸಿಟ್ಟು ನೆತ್ತಿಗೇರಿದೆ. ಅಕ್ಷರ ಸೊಟ್ಟಗಿದ್ದರೆ ಕತ್ತು ಸೊಟ್ಟ ಮಾಡಿಕೊಂಡು ಓದು.

ನಮ್ಮ ಆಸ್ಪತ್ರೆಗೆ ಹೊಸದಾಗಿ ಒಬ್ಬಳು ಮೇಡಂ ಬಂದಿದ್ದಾಳೆ. ರೋಗಿಗಳನ್ನು ನೋಡಲು ಬಂದವಳಲ್ಲ, ನಮ್ಮನ್ನು ನೋಡಲು. ಡಾಕ್ಟರು, ನರ್ಸು, ಆಯಾ, ನೆಲ ಒರೆಸುವವರು, ಎಲ್ಲರ ಮನಸ್ಸು ಸರಿ ಇದೆಯೋ ಇಲ್ಲವೋ ವಿಚಾರಿಸುವುದು ಅವಳ ಕೆಲಸ. ಆ ವಿದ್ಯೆಗೆ ಸಕಾರಾತ್ಮಕ ಅಂತ ಶುರುವಾಗುವ ಒಂದು ಉದ್ದನೆಯ ಹೆಸರಿದೆ, ನನ್ನ ನಾಲಿಗೆ ಹೊರಳುವುದಿಲ್ಲ. ನಾವೆಲ್ಲ ಅವಳನ್ನು ಮನಸ್ಸಿನ ಮೇಡಂ ಅನ್ನುತ್ತೇವೆ. ಸಣ್ಣ ಪ್ರಾಯ, ಮುಖಕ್ಕಿಂತ ದೊಡ್ಡ ಕನ್ನಡಕ, ಯಾರು ಎಷ್ಟು ಬೈದರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದನ್ನು ನೋಡಿದರೇ ನನಗೆ ಮೈ ಉರಿಯುವುದು.

"ಲಿಫ್ಟಮ್ಮ, ನೀವೂ ಬರೀಬೇಕು," ಅಂದಳು.

"ನಾನು ರೋಗಿಗಳನ್ನ ಮುಟ್ಟೋದೇ ಇಲ್ಲ. ಕೂತ್ಕೊಂಡು ಲಿಫ್ಟಿನ ಹಿಡಿ ಎಳೀತೀನಿ. ನನಗ್ಯಾಕಮ್ಮ ಇದು?"

"ನಿಮ್ಮ ಲಿಫ್ಟಲ್ಲಿ ದಿನಾ ಎಷ್ಟು ಜನ ಅಳ್ತಾರೆ?"

"ಅವರ ಕಣ್ಣು, ಅವರ ನೀರು. ನನ್ನನ್ನೇನು ಕೇಳ್ತೀಯ?"

"ಅದಕ್ಕೇ ನಿಮಗೂ ಕೊಡ್ತಿರೋದು," ಎಂದು ಕಾಗದ ನನ್ನ ಮಡಿಲಿಗೆ ಹಾಕಿ ಹೋದಳು.

ನಮಗೆ ಒಳ್ಳೆಯದು ಮಾಡಿದವರು, ಆದರೆ ನಾವು ಥ್ಯಾಂಕ್ಸ್ ಹೇಳದೆ ಬಿಟ್ಟವರು, ಅಂಥ ಒಬ್ಬರಿಗೆ ಬರೆಯಬೇಕಂತೆ. ನನಗೆ ಬಾಯಿಪಾಠ ಇರುವುದು ನಿನ್ನ ವಿಳಾಸ ಒಂದೇ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ. ಕೂತು ಯೋಚಿಸಿದೆ. ನಿನಗೆ ಥ್ಯಾಂಕ್ಸ್ ಹೇಳುವಂಥದ್ದು ಏನೂ ಸಿಗಲಿಲ್ಲ. ಹೇಳಬೇಕಾದವಳು ನೀನು. ಸೂಜಿ ಹಾಕಲು ಕಲಿಯುವಾಗ ಮೊದಲು ಕಿತ್ತಳೆ ಹಣ್ಣಿಗೆ ಚುಚ್ಚಿದೆ, ಆಮೇಲೆ ನನ್ನ ತೋಳಿಗೆ. ಹಣ್ಣು ಸುಮ್ಮನಿತ್ತು, ನಾನೂ ಸುಮ್ಮನಿದ್ದೆ. ಬ್ಯಾಂಡೇಜು ಸುತ್ತಲು ಕಲಿತದ್ದು ನನ್ನ ತಲೆಗೆ. ಅದೇ ತಲೆಯಲ್ಲಿ ಬಾಗಿಲು ತೆಗೆದು ಹಾಲಿನವನನ್ನು ಹೆದರಿಸಿ ಓಡಿಸಿದ್ದೆ. ಇದಕ್ಕೆಲ್ಲ ನೀನೇ ಥ್ಯಾಂಕ್ಸ್ ಬರೆದು ಕಳಿಸು.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನಮ್ಮ ಫೋನಿನಲ್ಲಿ ಅತ್ತಳು. ನೀನು ವಾರ್ಡಿಗೆ ಹೋಗುವುದು ಬಿಟ್ಟು ರೂಮಿನಲ್ಲಿ ಮಲಗಿದ್ದೀಯಂತೆ. ನಿಮ್ಮ ಆಸ್ಪತ್ರೆಯವರು ಏಪ್ರಿಲ್ ಕೊನೆಯವರೆಗೆ ರಜೆ ಕೊಟ್ಟಿದ್ದಾರಂತೆ. ಮೂವತ್ತನೇ ತಾರೀಖು ಡ್ಯೂಟಿಗೆ ಬಂದರೆ ಸರಿ, ಇಲ್ಲದಿದ್ದರೆ ಕೆಲಸ ಬಿಡುವ ಕಾಗದ ಕೊಡಬೇಕಂತೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಏನಾಗಿದೆ ನಿನಗೆ? ಮೇಟ್ರನ್ ಬೈದಳಾ? ರೋಗಿಯ ಕಡೆಯವರು ಯಾರಾದರೂ ಕೈ ಮಾಡಿದರಾ? ನಮ್ಮ ಇಡೀ ವಂಶದಲ್ಲಿ ಓದಿ ನರ್ಸಾದವಳು ನೀನೊಬ್ಬಳು. ಲಿಫ್ಟು ಹತ್ತಿದವರಿಗೆಲ್ಲ "ನಮ್ಮನೇಲೂ ಒಬ್ಬಳು ನರ್ಸಮ್ಮ ಇದಾಳೆ" ಎಂದು ಹೇಳಿಟ್ಟಿದ್ದೇನೆ. ಈಗ ಅವರಿಗೆ ಏನು ಹೇಳಲಿ?

ಅಳು ಬಂದಿದ್ದರೆ ಅತ್ತು ಮುಗಿಸು. ಇಲ್ಲಿ ನರ್ಸುಗಳು ಅಳುವುದು ನನ್ನ ಲಿಫ್ಟಿನಲ್ಲೇ. ಮೇಲೆ ರೋಗಿಗಳು ನೋಡುತ್ತಾರೆ, ಕೆಳಗೆ ರೋಗಿಗಳ ಮನೆಯವರು ನೋಡುತ್ತಾರೆ. ಸ್ಟ್ರೆಚರಿಗೆ ಬೇರೆ ಲಿಫ್ಟಿದೆ, ನನ್ನದಕ್ಕೆ ಅವಸರವಿಲ್ಲ. ಹತ್ತಿದವಳು ಅಳು ತಡೆದುಕೊಂಡಿದ್ದಾಳೆ ಎಂದು ಗೊತ್ತಾದರೆ ಎರಡು ಮಹಡಿಗಳ ನಡುವೆ ನಿಲ್ಲಿಸಿ, "ಹಾಳಾದ್ದು ಮತ್ತೆ ನಿಂತೋಯ್ತು" ಎಂದು ಗೊಣಗಿ, ಗೋಡೆ ಕಡೆ ತಿರುಗುತ್ತೇನೆ. ಜಾಲರಿ ಬಾಗಿಲಿನ ಆಚೆ ಬರೀ ಸುಣ್ಣದ ಗೋಡೆ. ಮೇಲಿನ ಸದ್ದು, ಕೆಳಗಿನ ಸದ್ದು ಎರಡೂ ನೀರಿನೊಳಗಿಂದ ಬಂದ ಹಾಗೆ ಬರುತ್ತವೆ. ಅಲ್ಲಿ ಯಾವ ಮಹಡಿಯೂ ಇಲ್ಲ, ಯಾವ ಹೊತ್ತೂ ಇಲ್ಲ. ಮೂಗು ಒರೆಸಿಕೊಂಡ ಸದ್ದು ಕೇಳಿದ ಮೇಲೆ ಲಿಫ್ಟು ತಾನೇ ರಿಪೇರಿಯಾಗುತ್ತದೆ.

ನೀನೂ ಹಾಗೆ ಒಂದು ಸಲ ಅತ್ತು, ಮುಖ ತೊಳೆದು, ಡ್ಯೂಟಿಗೆ ಹೋಗು. ಮುಗಿಯಿತು.

ದೊಡ್ಡಮ್ಮ


ಫೆಬ್ರುವರಿ ೨೧

ದೊಡ್ಡಮ್ಮನಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಕತ್ತು ಸೊಟ್ಟ ಮಾಡಬೇಕಾಗಲಿಲ್ಲ, ಅಕ್ಷರ ಚೆನ್ನಾಗಿಯೇ ಇದೆ. ನಿಮ್ಮ ತೋಳಿಗೂ ತಲೆಗೂ ಥ್ಯಾಂಕ್ಸ್.

ನನ್ನ ಬಗ್ಗೆ ಚಿಂತೆ ಬೇಡ. ಯಾರೂ ಬೈದಿಲ್ಲ, ಯಾರೂ ಕೈ ಮಾಡಿಲ್ಲ. ಸ್ವಲ್ಪ ದಣಿವು. ಮಲಗಿ ಎದ್ದರೆ ಹೋಗುವಂಥದ್ದು. ರೂಮ್‌ಮೇಟ್ ಬೆಳಿಗ್ಗೆ ಡ್ಯೂಟಿಗೆ ಹೋದ ಮೇಲೆ ಹಾಸ್ಟೆಲ್ಲು ಹೆಚ್ಚುಕಡಿಮೆ ಖಾಲಿಯಾಗುತ್ತದೆ. ಇಷ್ಟು ವರ್ಷ ಇದೇ ರೂಮಿನಲ್ಲಿದ್ದರೂ ಇಲ್ಲಿ ಮಧ್ಯಾಹ್ನ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಪರದೆ ಉಬ್ಬುತ್ತದೆ, ಇಳಿಯುತ್ತದೆ, ಯಾರೋ ಮಲಗಿ ಉಸಿರಾಡುತ್ತಿರುವ ಹಾಗೆ. ಬಿಸಿಲು ನೆಲದ ಮೇಲೆ ನಿಧಾನವಾಗಿ ತೆವಳಿಕೊಂಡು ನನ್ನ ಚಪ್ಪಲಿಯವರೆಗೆ ಬರುತ್ತದೆ, ಮುಟ್ಟಿ ಹೊರಟುಹೋಗುತ್ತದೆ. ಗೋಡೆಯೊಳಗಿನ ಪೈಪಿನಲ್ಲಿ ಯಾರದೋ ಸ್ನಾನದ ನೀರು ಓಡುತ್ತದೆ. ಇದನ್ನೆಲ್ಲ ನೋಡುತ್ತಾ ಇದ್ದುಬಿಡುತ್ತೇನೆ. ಹಸಿವಾದಾಗ ತಿನ್ನುತ್ತೇನೆ.

ಒಂದು ಕನಸು ಆಗಾಗ ಬೀಳುತ್ತದೆ. ವಾರ್ಡಿನಲ್ಲಿ ಮಂಚದ ಎತ್ತರಕ್ಕೆ ನೀರು ನಿಂತಿರುತ್ತದೆ. ತಿಳಿಯಾದ, ಬೆಚ್ಚಗಿನ ನೀರು. ಮಂಚಗಳೆಲ್ಲ ಮೆಲ್ಲಗೆ ತೇಲುತ್ತಿರುತ್ತವೆ. ನಾನು ಒಂದರಿಂದ ಒಂದಕ್ಕೆ ಹೋಗುತ್ತೇನೆ. ಎಲ್ಲರೂ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿರುತ್ತಾರೆ, ಯಾರೂ ನನ್ನನ್ನು ಕರೆಯುವುದಿಲ್ಲ, ಯಾರಿಗೂ ಏನೂ ಬೇಡ. ಕಿಟಕಿಯ ಪಕ್ಕದ ಮಂಚ ಮಾತ್ರ ಕೈಗೆ ಸಿಗುವುದಿಲ್ಲ. ಎಚ್ಚರವಾದಾಗ ಹೆದರಿಕೆಯೇನೂ ಇರುವುದಿಲ್ಲ.

ಅಮ್ಮನಿಗೆ ನಾನು ಚೆನ್ನಾಗಿದ್ದೇನೆಂದು ಹೇಳಿ. ಏಪ್ರಿಲ್ ಇನ್ನೂ ದೂರ ಇದೆ.

ನಿಮ್ಮ ಮಗಳು


ಮಾರ್ಚ್ ೨

ನರ್ಸಮ್ಮನಿಗೆ,

ಕನಸಿನಲ್ಲಿ ನೀರು ಕಂಡರೆ ಮೈಯಲ್ಲಿ ಶೀತ ಇದೆ ಅಂತ. ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡಬೇಡ. ಮಧ್ಯಾಹ್ನ ಪೂರ್ತಿ ಪರದೆ ನೋಡುತ್ತಾ ಕೂತರೆ ಯಾರಿಗಾದರೂ ತಲೆ ಭಾರವಾಗುತ್ತದೆ. ದಣಿವು ಅಂದರೆ ಏನು ಗೊತ್ತಾ? ನಾನು ಈ ಸ್ಟೂಲಿನ ಮೇಲೆ ಕೂತು ಕೂತು ಸೊಂಟ ಹಿಡಿದುಹೋಗಿದೆ, ಅದು ದಣಿವು. ನಿನ್ನದು ಸೋಮಾರಿತನ. ಬೇಜಾರು ಮಾಡಿಕೊಳ್ಳಬೇಡ, ಮಾಡಿಕೊಂಡರೆ ಮಾಡಿಕೊ.

ಇಲ್ಲಿ ನನಗೆ ಬಡ್ತಿ ಸಿಕ್ಕಿದೆ. ಮನಸ್ಸಿನ ಮೇಡಂ ಬಂದು, "ಶಿಫ್ಟು ಮುಗಿಸಿ ಇಳಿಯೋರೆಲ್ಲ ನಿಮ್ಮ ಲಿಫ್ಟಲ್ಲೇ ಇಳೀತಾರೆ ಲಿಫ್ಟಮ್ಮ. ಇಳಿಯುವಾಗ ಒಂದೇ ಒಂದು ಪ್ರಶ್ನೆ ಕೇಳ್ತೀರಾ? ಇವತ್ತು ಏನು ಒಳ್ಳೇದಾಯ್ತು ಅಂತ," ಅಂದಳು.

"ಆಸ್ಪತ್ರೇಲಿ ಏನಮ್ಮ ಒಳ್ಳೇದಾಗತ್ತೆ?"

"ಕೆಟ್ಟದ್ದು ತಾನಾಗೇ ಮೈಗೆ ಅಂಟ್ಕೊಂಡು ಮನೆಗೆ ಬರತ್ತೆ. ಒಳ್ಳೇದು ಚಿಕ್ಕದಾಗಿರತ್ತೆ, ಕೈಯಲ್ಲಿ ಹಿಡ್ಕೊಂಡ್ರೇನೇ ಉಂಟು. ಬಾಯಲ್ಲಿ ಹೇಳಿದ್ರೆ ಹಿಡ್ಕೊಂಡ ಹಾಗೆ."

ಸರಿ, ಕೆಲಸ ಅಂದ ಮೇಲೆ ಕೆಲಸ. ನಾನು ಅರ್ಧಂಬರ್ಧ ಮಾಡುವವಳಲ್ಲ. ಕೆಳಗೆ ಬಂದ ಮೇಲೆ ಜಾಲರಿಗೆ ಕೈ ಇಟ್ಟುಕೊಂಡು ಕೇಳುತ್ತೇನೆ. ಹೇಳಿದರೆ ಬಾಗಿಲು, ಹೇಳದಿದ್ದರೆ ಇಲ್ಲ. ಮೊದಲ ದಿನ ಮೂಳೆ ಡಾಕ್ಟರು ಸಿಕ್ಕರು. ಆರಡಿ ಎತ್ತರ, ಅವರು ಕೆಮ್ಮಿದರೆ ಆ ಮಹಡಿಯೇ ನಡುಗುತ್ತದೆ.

"ಇವತ್ತು ಏನು ಒಳ್ಳೇದಾಯ್ತು?" ಅಂದೆ.

"ಏನಮ್ಮ ಅದು?"

"ಕೇಳಿಸ್ಲಿಲ್ವಾ? ಒಳ್ಳೇದು. ಒಂದು."

ಆ ಮನುಷ್ಯ ಬಾಗಿಲು ನೋಡಿದರು, ನನ್ನನ್ನು ನೋಡಿದರು. "ಟೀ... ಟೀ ಬಿಸಿಯಾಗಿತ್ತು."

"ನಾಳೆ ಇದಕ್ಕಿಂತ ಒಳ್ಳೇದು ತನ್ನಿ," ಎಂದು ಬಿಟ್ಟೆ.

ಎಕ್ಸ್‌ರೇ ತೆಗೆಯುವವನು ಹೇಳಿದ, ಒಬ್ಬಳು ದಪ್ಪನೆಯ ಅಜ್ಜಿ ತನ್ನ ಎಲುಬಿನ ಚಿತ್ರ ನೋಡಿ, "ಒಳಗೆ ನಾನು ಇಷ್ಟು ತೆಳ್ಳಗಿದೀನಾ!" ಎಂದು ಖುಷಿಪಟ್ಟಳಂತೆ. ಹಸುಗೂಸುಗಳ ವಾರ್ಡಿನ ನರ್ಸು, ನಿದ್ದೆಯಲ್ಲಿದ್ದ ಮಗುವೊಂದು ತನ್ನ ಬೆರಳು ಹಿಡಿದುಕೊಂಡಿತ್ತು, ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ ಅಂದಳು. ಬಟ್ಟೆ ಒಗೆಯುವ ಕಡೆಯವಳು, ಬಿಸಿ ಬಿಸಿ ಚಾದರಗಳ ರಾಶಿಗೆ ಒಂದು ಕ್ಷಣ ಮುಖ ಇಟ್ಟೆ ಅಂದಳು. ಸಾಯಂಕಾಲದ ಹೊತ್ತಿಗೆ ಲಿಫ್ಟಿನ ತುಂಬ ಇಂಥವೇ. ಎಲ್ಲರೂ ಇಳಿದುಹೋದ ಮೇಲೂ ಒಳಗೆ ಏನೋ ಬೆಚ್ಚಗೆ ಉಳಿದಿರುತ್ತದೆ. ನಾನು ಖಾಲಿ ಲಿಫ್ಟನ್ನು ಸುಮ್ಮನೆ ಒಂದು ಸುತ್ತು ಮೇಲೆ ಕರೆದುಕೊಂಡು ಹೋಗಿ ಬರುತ್ತೇನೆ.

ನಿನಗೂ ಇದೇ ನಿಯಮ. ದಿನಕ್ಕೊಂದು ಒಳ್ಳೆಯದು ಬರೆದಿಟ್ಟುಕೊಂಡು ವಾರಕ್ಕೊಮ್ಮೆ ನನಗೆ ಕಳಿಸು. ಅದರಲ್ಲೇ ನೀನು ಎದ್ದು ಕೂರುತ್ತೀಯ. ಕಳಿಸದಿದ್ದರೆ ಬಾಗಿಲು ತೆಗೆಯುವುದಿಲ್ಲ.

ದೊಡ್ಡಮ್ಮ


ಮಾರ್ಚ್ ೧೮

ನರ್ಸಮ್ಮನಿಗೆ,

ಪೋಸ್ಟಿನವನಿಗೆ ಕಾಲು ಮುರಿದಿದೆಯಾ, ನಿನಗೆ ಕೈ ಮುರಿದಿದೆಯಾ? ಒಂದು ಸಾಲು ಬರೆಯಲು ಏನು ಕಷ್ಟ? ಟೀ ಬಿಸಿಯಾಗಿತ್ತು ಎಂದು ಬರೆದರೂ ನಾನು ಒಪ್ಪಿಕೊಳ್ಳುತ್ತಿದ್ದೆ.

ನಿನ್ನಮ್ಮ ಮತ್ತೆ ಫೋನು ಮಾಡಿದ್ದಳು. "ಅಕ್ಕ, ಅವಳು ನಿನ್ನ ಮಾತು ಕೇಳ್ತಾಳೆ" ಅಂದಳು. ನಾನು ಜಂಬದಿಂದ ಹೂಂ ಅಂದೆ. ಲಿಫ್ಟಿನಲ್ಲಿ ಎಲ್ಲರೂ ಕೇಳುತ್ತಿದ್ದಾರೆ, ನಿಮ್ಮ ನರ್ಸಮ್ಮ ಯಾವಾಗ ವಾಪಸ್ ಡ್ಯೂಟಿಗೆ ಅಂತ. ಬರುವ ತಿಂಗಳು ಅಂದಿದ್ದೇನೆ. ನನ್ನ ಮಾತು ಸುಳ್ಳು ಮಾಡಬೇಡ.

ದೊಡ್ಡಮ್ಮ


ಮಾರ್ಚ್ ೨೬

ದೊಡ್ಡಮ್ಮ,

ನಮ್ಮ ಆಸ್ಪತ್ರೆಯಲ್ಲೂ ಇದು ಇತ್ತು. ಗೋಡೆಗೆ "ನಗುತ್ತಾ ದುಡಿಯಿರಿ" ಎಂಬ ಬೋರ್ಡು, ಎದೆಗೆ ನಗುವ ಮುಖದ ಬಿಲ್ಲೆ, ತಿಂಗಳಿಗೊಮ್ಮೆ ಬಲೂನು. ಇಬ್ಬರು ನರ್ಸುಗಳು ಇಡೀ ವಾರ್ಡು ನೋಡಬೇಕಾದ ದಿನ ಬಲೂನು ಕಟ್ಟಿ ಫೋಟೋ ತೆಗೆದರು. ಫೋಟೋದಲ್ಲಿ ನಾನು ಎಲ್ಲರಿಗಿಂತ ಚೆನ್ನಾಗಿ ನಕ್ಕಿದ್ದೇನೆ.

ಕಿಟಕಿಯ ಪಕ್ಕದ ಮಂಚದಲ್ಲಿ ವಯಸ್ಸಾದ ಒಬ್ಬರು ಅಮ್ಮ ಇದ್ದರು. ಚಳಿಗಾಲ ಪೂರ್ತಿ ಇದ್ದರು. ಬೆಳಿಗ್ಗೆ ನಾನು ಹೋಗಿ ಕಿಟಕಿ ತೆಗೆದರೆ, "ಬಂದಳು ನೋಡು ಗಾಳಿ ಹುಡುಗಿ" ಅನ್ನುತ್ತಿದ್ದರು. ತಲೆ ಬಾಚಿಸಿಕೊಳ್ಳುವುದು ನನ್ನ ಕೈಯಲ್ಲೇ ಆಗಬೇಕು. ಒಂದು ಮಧ್ಯಾಹ್ನ ಅವರು ಹೋದರು. ಯಾರ ತಪ್ಪೂ ಇರಲಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಕಣ್ಣು ಮುಚ್ಚಿಸಿದೆ, ಚಾದರ ಸರಿ ಮಾಡಿದೆ, ಕೈ ತೊಳೆದೆ, ಹೋಗಿ ಬ್ರೆಡ್ಡು ತಿಂದೆ. ಬ್ರೆಡ್ಡು ರುಚಿಯಾಗಿತ್ತು. ಆಮೇಲೆ ಅವರ ಮಗ ಬಂದು ನನ್ನ ಕೈ ಹಿಡಿದು ಅತ್ತರು. ನಾನು ಅವರನ್ನು ನೋಡಿ ನಕ್ಕೆ. ಆ ಬಿಲ್ಲೆಯ ನಗು. ಬಾತ್‌ರೂಮಿಗೆ ಹೋಗಿ ಕನ್ನಡಿ ನೋಡಿಕೊಂಡರೆ ಅದು ಇನ್ನೂ ಮುಖದ ಮೇಲೆ ಇತ್ತು. ತೆಗೆಯಲು ಆಗಲಿಲ್ಲ.

ನನಗೆ ಅಳು ಬರಲಿಲ್ಲ ದೊಡ್ಡಮ್ಮ. ಇವತ್ತಿಗೂ ಬಂದಿಲ್ಲ. ನೀವು ಅತ್ತು ಮುಗಿಸು ಅಂದಿರಿ. ನಿಮ್ಮ ಲಿಫ್ಟು ಎರಡು ಮಹಡಿಗಳ ನಡುವೆ ವರ್ಷಗಟ್ಟಲೆ ನಿಂತರೂ ನಾನು ಸುಣ್ಣದ ಗೋಡೆ ನೋಡುತ್ತಾ ನಿಂತಿರುತ್ತೇನೆ. ನಮ್ಮಮ್ಮ ಫೋನಿನಲ್ಲಿ ಅತ್ತರೂ ನನ್ನೊಳಗೆ ಏನೂ ಆಗುವುದಿಲ್ಲ, ಅದಕ್ಕೇ ಫೋನು ಎತ್ತುವುದಿಲ್ಲ. ಇಂಥವಳು ಯಾರ ತಲೆಯನ್ನಾದರೂ ಮುಟ್ಟಬಹುದಾ?

ಇವತ್ತಿನ ಒಳ್ಳೆಯದು ಕೇಳಿದ್ದಿರಿ. ಏನೂ ಇಲ್ಲ. ನಿನ್ನೆಯೂ ಇರಲಿಲ್ಲ. ಬಾಗಿಲು ತೆಗೆಯದಿದ್ದರೆ ಬೇಡ, ನಾನು ಒಳಗೇ ಇರುತ್ತೇನೆ.

ಒಂದು ಮಾತ್ರ ಕೇಳಬೇಕು. ಮೂವತ್ತಕ್ಕೆ ನಾನು ಬಿಡುವ ಕಾಗದ ಕೊಟ್ಟರೆ, ಆಮೇಲೆ ನನ್ನನ್ನು ಏನೆಂದು ಕರೆಯುತ್ತೀರಿ?


ಏಪ್ರಿಲ್ ೪

ಮೇಲೆ ಏನು ಬರೆಯಬೇಕೋ ತಿಳಿಯಲಿಲ್ಲ. ಖಾಲಿ ಬಿಟ್ಟಿದ್ದೇನೆ.

ನಿನ್ನ ಕಾಗದ ಲಿಫ್ಟಿನಲ್ಲೇ ಓದಿದೆ. ಓದುವುದು ನಿಧಾನ ನನಗೆ, ಮೇಲೆ ಕೆಳಗೆ ಹೋಗುತ್ತಾ ಒಂದೊಂದು ಸಾಲು. ಸೋಮಾರಿತನ ಅಂದಿದ್ದೆನಲ್ಲ, ಆ ಮಾತನ್ನು ಹೊಡೆದುಹಾಕಿಕೊ. ಕಾಗದದ ಮೇಲೂ ಹೊಡೆದುಹಾಕು, ಕಪ್ಪಗೆ.

ಓದಿ ಮುಗಿಸಿ, ಸಿಟ್ಟು ಬಂದು, ಸೀದಾ ಮನಸ್ಸಿನ ಮೇಡಂ ರೂಮಿಗೆ ಹೋದೆ. ಕಾಗದ ತೋರಿಸಲಿಲ್ಲ, ಹೆಸರೂ ಹೇಳಲಿಲ್ಲ, ಬೇರೆ ಊರಿನ ಒಬ್ಬಳು ನರ್ಸು ಅಂದೆ ಅಷ್ಟೇ.

"ಅಳು ಬರದೇ ಇರೋರಿಗೆ ನಿಮ್ಮ ವಿದ್ಯೆಯಲ್ಲಿ ಏನಿದೆ?" ಅಂದೆ.

"ಅಳಲೇಬೇಕು ಅಂತೇನಿಲ್ಲ ಲಿಫ್ಟಮ್ಮ."

"ಹಾಗಿದ್ರೆ ಆ ಜೀವ ಕಲ್ಲಾಗಿದೆ ಅಂತಾನಾ?"

"ಕೈ ಮೇಲೆ ಮಲಗಿದ್ರೆ ಕೈಗೆ ಜೋಮು ಹಿಡಿಯತ್ತಲ್ಲ? ಚುಚ್ಚಿದ್ರೂ ಗೊತ್ತಾಗಲ್ಲ. ಕೈ ಸತ್ತಿದೆಯಾ?"

"ಇಲ್ಲ."

"ಭಾರ ತೆಗೀಬೇಕು. ರಕ್ತ ಬರಕ್ಕೆ ಹೊತ್ತು ಬೇಕು. ಬರುವಾಗ ಮುಳ್ಳಾಡತ್ತೆ, ಹಿತವಾಗಿರಲ್ಲ. ಆಗ ಯಾರಾದ್ರೂ ನಗು ನಗು ಅಂದ್ರೆ..."

"ಕಪಾಳಕ್ಕೆ ಹೊಡೀಬೇಕು ಅನ್ಸತ್ತೆ," ಅಂದೆ.

"ಅನ್ಸತ್ತೆ," ಅಂದಳು. ಆಮೇಲೆ ಕನ್ನಡಕ ಒರೆಸುತ್ತಾ ಹೇಳಿದಳು, "ಲಿಫ್ಟಮ್ಮ, ನೀವು ಬಾಗಿಲು ಹಾಕ್ಕೊಂಡು ಕೇಳ್ತೀರಂತೆ. ಇಲ್ಲ ಅಂದೋರನ್ನ ಬಿಡಲ್ವಂತೆ. ಅದು ಪ್ರಶ್ನೆ ಅಲ್ಲ, ಪೊಲೀಸ್ ಕೆಲಸ. ಹೆದರಿಕೊಂಡು ಕಟ್ಟುಕತೆ ಹೇಳ್ತಿದಾರೆ. ಮೂಳೆ ಡಾಕ್ಟರು ದಿನಾ ಬೆಳಿಗ್ಗೇನೇ ಒಂದು ಯೋಚಿಸಿಟ್ಕೊಂಡು ಬರ್ತಾರೆ ಪಾಪ. ಏನೂ ಇಲ್ಲ ಅನ್ನೋದೂ ಉತ್ತರಾನೇ."

ನನಗೆ ಮುಖದ ಮೇಲೆ ನೀರು ಎರಚಿದ ಹಾಗಾಯಿತು. ನಾನು ಆ ಹುಡುಗಿಯ ವಿದ್ಯೆಯನ್ನೇ ತಿರುಗಾಮುರುಗಾ ಮಾಡಿಟ್ಟಿದ್ದೆ. ನಿನ್ನ ಎದೆಗೂ ನಾನೇ ಒಂದು ಬಿಲ್ಲೆ ಚುಚ್ಚಿದ ಹಾಗಾಯಿತಲ್ಲ.

"ನಿಮಗೆ ಇವತ್ತು ಏನು ಒಳ್ಳೇದಾಯ್ತು?" ಅಂದಳು. ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಏನೂ ಇಲ್ಲ," ಅಂದೆ. ನಿಜವಾಗಿಯೂ ಇರಲಿಲ್ಲ.

ಅವಳು ನನ್ನ ಜೊತೆ ಎದ್ದು ಬಂದಳು. ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ತಾನು ಜಾಲರಿ ತೆಗೆದು ಹಾಕುತ್ತಾ ನಿಂತಳು. ಆ ಮಧ್ಯಾಹ್ನವೆಲ್ಲ ಮೇಲೆ, ಕೆಳಗೆ, ಮೇಲೆ, ಕೆಳಗೆ. ಮಹಡಿ ಮಹಡಿಯ ಬೆಳಕು ಅವಳ ಕನ್ನಡಕದ ಮೇಲೆ ಬಂದು ಜಾರಿ ಹೋಗುತ್ತಿತ್ತು. ನನಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸುಖ ಬಂತು. ಒಂದು ಸಲ ಅವಳ ಬೆರಳು ಜಾಲರಿಗೆ ಸಿಕ್ಕಿ ಅಯ್ಯೋ ಅಂದಳು, ಅಷ್ಟೇ ಮಾತು.

ಈಗ ಬಾಗಿಲು ತೆಗೆದಿಟ್ಟು ಕೇಳುತ್ತೇನೆ. ಇಲ್ಲ ಅಂದರೆ "ಆಯ್ತು" ಅನ್ನುತ್ತೇನೆ. ಇಲ್ಲ ಅಂದವರು ಒಂದು ಹೆಜ್ಜೆ ಹೊರಗಿಟ್ಟು, ತಿರುಗಿ ನಿಂತು, ಏನೋ ಒಂದು ಹೇಳಿ ಹೋಗುತ್ತಾರೆ. ಕೆಲವರು ಹೇಳದೆಯೂ ಹೋಗುತ್ತಾರೆ. ಮೇಡಂ ಆಫೀಸಿನವರ ಜೊತೆ ಜಗಳವಾಡಿ ನರ್ಸುಗಳಿಗೆ ಒಂದು ರೂಮು ಕೊಡಿಸಿದ್ದಾಳೆ, ಎರಡು ಮಂಚ, ಒಳಗಿನಿಂದ ಚಿಲಕ. ಊಟದ ಹೊತ್ತಿಗೆ ಬದಲಿಗೆ ಒಬ್ಬರು ಬರಲೇಬೇಕು ಎಂದೂ ಹಠ ಹಿಡಿದಿದ್ದಾಳೆ. ಬಲೂನು ಎಲ್ಲೂ ಇಲ್ಲ, ನಾನು ನೋಡಿದೆ.

ನಿಮ್ಮ ಊರಿನಲ್ಲೂ ಮನಸ್ಸು ನೋಡುವ ಇಂಥವರು ಇರುತ್ತಾರಂತೆ, ನಿಮ್ಮ ಆಸ್ಪತ್ರೆಗೆ ಸೇರದವರು. ಹೋಗಿ ಕಾಣು ಅಂತ ಅವಳು ಹೇಳಿದಳು. ನಾನೂ ಹೇಳುತ್ತೇನೆ. ಬೈಯುತ್ತಿಲ್ಲ, ಹೇಳುತ್ತಿದ್ದೇನೆ.

ನನಗೆ ಕನಸು ಬೀಳುವುದೇ ಕಡಿಮೆ. ಮೊನ್ನೆ ಬಿತ್ತು. ಲಿಫ್ಟು ಮೇಲಕ್ಕೂ ಹೋಗದೆ ಕೆಳಕ್ಕೂ ಹೋಗದೆ ಅಡ್ಡಡ್ಡ ಹೊರಟಿತು. ಗೋಡೆ ದಾಟಿ, ಬೀದಿಯ ಮೇಲೆ, ತಂತಿಗಳ ನಡುವೆ, ಯಾರದೋ ಒಣಹಾಕಿದ ಬಟ್ಟೆಗಳನ್ನು ಸವರಿಕೊಂಡು. ಒಳಗೆ ಮೂಳೆ ಡಾಕ್ಟರು ಟೀ ಹಿಡಿದು ನಿಂತಿದ್ದರು, ಎಕ್ಸ್‌ರೇಯವನಿದ್ದ, ಆ ತೆಳ್ಳನೆಯ ಅಜ್ಜಿಯೂ ಇದ್ದಳು. ನಿನ್ನ ಕಿಟಕಿಯ ಹತ್ತಿರ ಬಂದು ನಿಂತಿತು. ನೀನು ಪರದೆಯ ಹಿಂದೆ ಕೂತಿದ್ದೆ. ನಾನು ಜಾಲರಿ ತೆಗೆದು ಹಿಡಿದುಕೊಂಡಿದ್ದೆ. ನೀನು ಬರಲಿಲ್ಲ. ಯಾರೂ ಹೊತ್ತಾಯಿತು ಅನ್ನಲಿಲ್ಲ. ನಾನೂ ಅನ್ನಲಿಲ್ಲ, ನೋಡು.

ದೊಡ್ಡಮ್ಮ


ಏಪ್ರಿಲ್ ೧೪

ದೊಡ್ಡಮ್ಮ,

ಹೊಡೆದುಹಾಕಿದ್ದೇನೆ. ಕಪ್ಪಗೆ.

ಮಾರ್ಚಿನಲ್ಲಿ ನಿಮ್ಮ ಕಾಗದ ಓದಿದಾಗ ನನಗೆ ನಗು ಬಂದಿರಲಿಲ್ಲ. ಮೊನ್ನೆ ಬಸ್ಸಿನಲ್ಲಿ ಕೂತಿದ್ದೆ, ಎದುರಿನ ಸೀಟಿನಲ್ಲಿ ಒಬ್ಬರು ದಪ್ಪನೆಯ ಅಜ್ಜಿ ಇದ್ದರು. ಒಳಗೆ ಎಷ್ಟು ತೆಳ್ಳಗಿದ್ದಾರೋ ಅಂದುಕೊಂಡೆ. ಎಲ್ಲಿಂದಲೋ ಬಂದುಬಿಟ್ಟಿತು ನಗು. ತಡೆಯಲಾಗಲಿಲ್ಲ. ಅಜ್ಜಿ, "ಏನಮ್ಮ, ನನ್ನ ಮುಖದ ಮೇಲೆ ಏನಾದ್ರೂ ಇದೆಯಾ?" ಅಂದರು. "ಇಲ್ಲ ಅಜ್ಜಿ, ನನ್ನ ಮುಖದ ಮೇಲಿಂದ ಏನೋ ಹೋಯ್ತು," ಅಂದೆ. ಅವರು ಚೀಲ ಹತ್ತಿರ ಎಳೆದುಕೊಂಡು ಕೂತರು.

ಆ ಬಸ್ಸಿನಲ್ಲಿ ನಾನು ಹೋಗುತ್ತಿದ್ದದ್ದು ನೀವು ಹೇಳಿದಂಥ ಒಬ್ಬರ ಹತ್ತಿರಕ್ಕೆ. ಅವರ ರೂಮಿನಲ್ಲಿ ಬೋರ್ಡು ಇಲ್ಲ. ನಾನು ಹೆಚ್ಚು ಹೊತ್ತು ಮಾತಾಡುವುದಿಲ್ಲ, ಅವರೂ ಒತ್ತಾಯ ಮಾಡುವುದಿಲ್ಲ. ಅಲ್ಲಿಂದ ಬಂದ ಮೇಲೆ ಮೈಯೆಲ್ಲ ಮುಳ್ಳಾಡುತ್ತದೆ. ನಿಮ್ಮ ಮೇಡಂ ಹೇಳಿದ್ದು ಸರಿ, ಹಿತವಾಗಿಲ್ಲ.

ನಿನ್ನೆ ಆಸ್ಪತ್ರೆಯ ಬಸ್ ಸ್ಟಾಪಿನವರೆಗೆ ಹೋದೆ. ಬೆಳಿಗ್ಗೆ ಮಂಜು ಇತ್ತು, ಕಟ್ಟಡದ ಮೇಲಿನ ಅರ್ಧ ಕಾಣುತ್ತಿರಲಿಲ್ಲ. ನಮ್ಮ ವಾರ್ಡಿನ ಕಿಟಕಿಗಳ ಬೆಳಕು ಮಾತ್ರ ಗಾಳಿಯಲ್ಲಿ ತೂಗುಹಾಕಿದ ಹಾಗೆ ನಿಂತಿತ್ತು. ಸ್ಟಾಪಿನಲ್ಲಿ ಒಬ್ಬರು ಮುದುಕರು ತೋಳಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ನನಗೆ ಗೊತ್ತಾಗುವ ಮೊದಲೇ ನನ್ನ ಕೈ ಅದನ್ನು ಹಾಕಿ ಮುಗಿಸಿತ್ತು. ಅವರ ಮಣಿಕಟ್ಟು ತಣ್ಣಗಿತ್ತು. ತಣ್ಣಗಿದೆ ಎಂದು ನನಗೆ ಗೊತ್ತಾಯಿತು. ಅಷ್ಟೇ. ಇದು ಒಳ್ಳೆಯದೋ ಏನೋ ತಿಳಿಯದು, ಸುಮ್ಮನೆ ಬರೆಯುತ್ತಿದ್ದೇನೆ.

ಗೇಟಿನ ಒಳಗೆ ಹೋಗಲು ಆಗಲಿಲ್ಲ. ರಸ್ತೆ ದಾಟಿ ವಾಪಸ್ ಬಸ್ಸು ಹಿಡಿದೆ.

ಎರಡು ಕಾಗದ ಬರೆದಿಟ್ಟಿದ್ದೇನೆ. ಒಂದರಲ್ಲಿ ಬಿಡುತ್ತೇನೆ ಎಂದಿದೆ. ಇನ್ನೊಂದರಲ್ಲಿ ಬರುತ್ತೇನೆ, ಆದರೆ ಕೆಲವು ತಿಂಗಳು ಅರ್ಧ ಡ್ಯೂಟಿ ಕೊಡಿ, ಬಿಲ್ಲೆ ಹಾಕುವುದಿಲ್ಲ ಎಂದಿದೆ. ಮೂವತ್ತಕ್ಕೆ ಎರಡನ್ನೂ ಬ್ಯಾಗಿನಲ್ಲಿಟ್ಟುಕೊಂಡು ಹೋಗುತ್ತೇನೆ. ಯಾವುದನ್ನು ತೆಗೆಯುತ್ತೇನೋ ಮೇಟ್ರನ್ ಮೇಜಿನ ಮುಂದೆ ನಿಲ್ಲುವವರೆಗೂ ನನಗೆ ತಿಳಿಯುವುದಿಲ್ಲ. ಆ ಗೇಟಿನಿಂದ ಆ ಮೇಜಿನವರೆಗೆ ನಡೆಯುವುದೇ ದೊಡ್ಡ ಕೆಲಸ.

ನಾನು ಕೇಳಿದ್ದಕ್ಕೆ ನೀವು ಉತ್ತರ ಕೊಡಲಿಲ್ಲ. ಮರೆತಿರೋ, ಬೇಕೆಂದೇ ಬಿಟ್ಟಿರೋ.


ಏಪ್ರಿಲ್ ೧೯

ಮಗಳೇ,

ನೀನು ಕೇಳಿದ್ದಕ್ಕೆ ಉತ್ತರ ಮೇಲೆಯೇ ಬರೆದಿದ್ದೇನೆ. ಕಾಗದ ಬಿಡಿಸಿದ ಕೂಡಲೇ ಕಾಣಲಿ ಎಂದು ಒತ್ತಿ ಬರೆದೆ, ಇಂಕು ಹಿಂದಿನ ಪುಟಕ್ಕೂ ಇಳಿದಿದೆ. ನೀನು ಯಾವ ಕಾಗದ ತೆಗೆದರೂ ಅದು ಬದಲಾಗುವುದಿಲ್ಲ. ಹೋದ ಸಲ ಬರೆಯದೆ ಬಿಟ್ಟದ್ದು ಮರೆತು ಅಲ್ಲ. ಹಳೇ ಹೆಸರು ಬರೆಯಲು ಕೈ ಬರಲಿಲ್ಲ, ಹೊಸದು ಬರೆಯಲು ಸಂಕೋಚವಾಯಿತು. ಈ ಶಬ್ದವನ್ನು ನಾನು ಯಾರಿಗೂ ಬರೆದವಳಲ್ಲ.

ನೀನು ಕೆಲಸ ಬಿಟ್ಟರೆ ನನಗೆ ಬೇಸರವಾಗುತ್ತದೆ. ಸುಳ್ಳು ಹೇಳುವುದಿಲ್ಲ. ಸ್ವಲ್ಪ ದಿನ ಎಲ್ಲರ ಮೇಲೂ ಹರಿಹಾಯುತ್ತೇನೆ, ಮೂಳೆ ಡಾಕ್ಟರಿಗೆ ಗ್ರಹಚಾರ. ಆದರೆ ಅದು ನನ್ನ ಬೇಸರ. ಅದನ್ನು ಹೊತ್ತುಕೊಳ್ಳಲು ನೀನು ವಾರ್ಡಿಗೆ ಹೋಗಬೇಕಾಗಿಲ್ಲ. ನೀನು ವಾಪಸ್ ಹೋದರೆ ನನಗೆ ಹೆದರಿಕೆಯಾಗುತ್ತದೆ, ಅದೂ ನನ್ನದೇ. ಲಿಫ್ಟಿನಲ್ಲಿ ಯಾರೋ ಕೇಳಿದರು, ನಿಮ್ಮ ನರ್ಸಮ್ಮ ಹೇಗಿದ್ದಾಳೆ ಅಂತ. "ಅವಳು ನಮ್ಮ ಮಗಳು, ಹುಷಾರಿಲ್ಲ, ನಿಧಾನಕ್ಕೆ ಆಗ್ತಾಳೆ," ಅಂದೆ. ಹೇಳಿದ ಮೇಲೆ ಲಿಫ್ಟು ಹಗುರವಾಗಿ ಮೇಲೆ ಹೋಯಿತು. ಅಥವಾ ಜನ ಕಡಿಮೆ ಇದ್ದರೋ ಏನೋ.

ಆ ಮುದುಕರ ಗುಂಡಿಯ ವಿಷಯ ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಸವೆದುಹೋಗುತ್ತದೆ ಅನ್ನಿಸಿತು. ಹಾಗೇ ಇಟ್ಟುಕೊಂಡಿದ್ದೇನೆ. ಮೇಲೆ ಕೆಳಗೆ ಹೋಗುವಾಗ ಆ ಮಂಜು ಕಾಣುತ್ತದೆ, ಬೆಳಕು ತೂಗುಹಾಕಿದ ಕಿಟಕಿಗಳು ಕಾಣುತ್ತವೆ, ತಣ್ಣನೆಯ ಕೈ, ನಿನ್ನ ಬೆರಳು. ನಾನು ನೋಡದ ಊರು ಅದು. ಆದರೂ ದಿನಾ ಒಂದು ಸಲ ಆ ಸ್ಟಾಪಿನಲ್ಲಿ ನಿಂತು ಬರುತ್ತೇನೆ.

ಈಗ ಗಮನವಿಟ್ಟು ಓದು. ಇಷ್ಟು ವರ್ಷದಲ್ಲಿ ಮೊದಲ ಸಲ ರಜೆ ಕೇಳಿದೆ. ಆಫೀಸಿನವನು, "ಲಿಫ್ಟಮ್ಮ, ನಿಮಗೂ ರಜೆ ಬೇಕಾ?" ಎಂದು ಬಾಯಿ ತೆರೆದ. ಮುಚ್ಚಿಸಿ ಸಹಿ ಹಾಕಿಸಿಕೊಂಡೆ. ಇಪ್ಪತ್ತೊಂಬತ್ತಕ್ಕೆ ಹೊರಟು ಮೂವತ್ತರ ಬೆಳಿಗ್ಗೆ ನಿನ್ನ ಊರಿನಲ್ಲಿರುತ್ತೇನೆ. ಗೇಟಿನಿಂದ ಆ ಮೇಜಿನವರೆಗೆ ನಿನ್ನ ಪಕ್ಕದಲ್ಲಿ ನಡೆಯುತ್ತೇನೆ. ಏನೂ ಕೇಳುವುದಿಲ್ಲ. ಯಾವ ಕಾಗದ ತೆಗೆದೆ ಎಂದು ಇಣುಕಿಯೂ ನೋಡುವುದಿಲ್ಲ, ಮೇಟ್ರನ್ ಮುಂದೆ ಬಾಯಿಯೂ ಬಿಡುವುದಿಲ್ಲ. ಬಾಯಿ ಮುಚ್ಚಿಕೊಂಡು ನಡೆಯುವುದು ನನಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತು, ಅದಕ್ಕೆ ಸ್ವಲ್ಪ ಬೇಗ ಹೆಜ್ಜೆ ಹಾಕು. ನಡುವೆ ನಿಲ್ಲಬೇಕು ಅನ್ನಿಸಿದರೆ ನಿಲ್ಲು, ನಾನೂ ನಿಲ್ಲುತ್ತೇನೆ. ವಾಪಸ್ ಹೋಗೋಣ ಅಂದರೆ ವಾಪಸ್. ಕೆಲಸ ಮುಗಿದ ಮೇಲೆ ಎಲ್ಲಾದರೂ ಕೂತು ಬ್ರೆಡ್ಡು ತಿನ್ನೋಣ. ಅದು ರುಚಿಯಾಗಿದ್ದರೆ ಇರಲಿ.

ನಿನಗೆ ನಾನು ಬರುವುದು ಬೇಡವಾದರೆ ಬೇಡ ಎಂದು ಬರೆ. ಅದೂ ಉತ್ತರವೇ, ನಾನು "ಆಯ್ತು" ಅನ್ನುತ್ತೇನೆ. ಬೇಕಾದರೆ, ಯಾವ ಸ್ಟಾಪಿನಲ್ಲಿ ಇಳಿಯಬೇಕು, ಯಾವ ಗೇಟು, ಎಷ್ಟು ಹೊತ್ತಿಗೆ, ಇಷ್ಟು ಬರೆದರೆ ಸಾಕು. ಉತ್ತರ ಇಪ್ಪತ್ತಾರನೇ ತಾರೀಖಿನೊಳಗೆ ನನ್ನ ಕೈಯಲ್ಲಿರಬೇಕು.

ದೊಡ್ಡಮ್ಮ